ಐಸಣ್ಣನ ನಾಡಿ ನೂರ ಹದಿನೆಂಟು

ಓದುಗ ದೊರೆಗಳೇ, ಮೊದಲೇ ಹೇಳಿಬಿಡುತ್ತೇನೆ. ಈ ಕಥೆಗೆ ಹೀರೋ ಬೇರೆಯವನು. ಆದರೆ ಕ್ಲೈಮ್ಯಾಕ್ಸ್ ನನ್ನದು!

ಕುದಿಯುವ ಲೋಹದ ಮುಂದೆ ನಿಂತರೂ ಬೆವರು ಬಿಟ್ಟು ಬೇರೇನನ್ನೂ ಹೊರಗೆ ಬಿಡದ ಒಬ್ಬ ಗಂಡಸು. ಹೊಟ್ಟೆಯೊಳಗೇ ಒಂದು ಕುಲುಮೆ ಹೊತ್ತಿಸಿಕೊಂಡು ಓಡಾಡಿದ ಒಬ್ಬಳು ಹುಡುಗಿ. ಇವರಿಬ್ಬರನ್ನು ಒಂದು ಮಾಡಿದ್ದು ವಿಧಿಯೂ ಅಲ್ಲ, ಹಣೆಬರಹವೂ ಅಲ್ಲ. ನಾನು! ಒಂದೇ ಒಂದು ಐಡಿಯಾ ಕೊಟ್ಟು! ನನ್ನಂಥವನು ಮನೆಗೊಬ್ಬ ಇದ್ದರೆ ಊರಲ್ಲಿ ಒಬ್ಬ ಪ್ರೇಮಿಯೂ ಗಡ್ಡ ಬಿಡುತ್ತಿರಲಿಲ್ಲ.

ಆ ಹುಡುಗಿ ನನ್ನ ಅಕ್ಕ. ಅವಳ ಮನಸ್ಸಿನ ಮಾತು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಕನ್ನಡಿಯ ಜೊತೆ ಜೋರಾಗಿ ಮಾತಾಡುವ ಚಟ ಅವಳಿಗೆ. ಕಿವಿ ಚುರುಕು ನನಗೆ. ಅಷ್ಟೇ.

ಅಕ್ಕ ಡಿಸೈನರ್. ಬಟ್ಟೆ ಡಿಸೈನರ್ ಅಲ್ಲ. ಬೆಂಕಿಯ ಮುಂದೆ, ಹಿಮದಲ್ಲಿ, ಗಣಿಯ ಆಳದಲ್ಲಿ ದುಡಿಯುವವರು ಮೈಮೇಲೆ ತೊಡುವ ಯಂತ್ರಗಳು ಅವರ ಜೊತೆ ಹೇಗೆ ಮಾತಾಡಬೇಕು, ಅವರು ಆ ಯಂತ್ರದ ಜೊತೆ ಹೇಗೆ ಮಾತಾಡಬೇಕು... ಅದನ್ನು ಯೋಚಿಸುವುದು ಅವಳ ಕೆಲಸ. ಯಂತ್ರದೊಳಗಿನ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಂದೇ ಕಂಪನಿ, ಅಕ್ಕಪಕ್ಕದ ಮೇಜು. ಮನೆಯಲ್ಲಿ "ಅಕ್ಕ". ಕೆಲಸದ ಜಾಗದಲ್ಲಿ ಹಾಗೆ ಕರೆದರೆ ಕೊಂದೇಬಿಡುತ್ತಿದ್ದಳು. ಅಲ್ಲಿ "ಮೇಡಂ"!

ಈಗ ಸೀನಿಗೆ ಬನ್ನಿ.

*

ಲೋಹ ಕರಗಿಸುವ ಕಾರ್ಖಾನೆ. ಕುಲುಮೆಯ ಪಕ್ಕದಲ್ಲೇ ಕೆಲಸಗಾರರು ದಣಿವಾರಿಸಿಕೊಳ್ಳುವ ತಂಪು ಕೋಣೆ. ಹನ್ನೆರಡು ಜನ ಬೆಂಚುಗಳ ಮೇಲೆ ಕೂತಿದ್ದರು. ಗಾಜಿನ ಆಚೆ ಕುಲುಮೆ ಗುರುಗುಡುತ್ತಿತ್ತು.

ಅಕ್ಕ ಆರು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ ಕೈಪಟ್ಟಿಯನ್ನು ಎತ್ತಿ ತೋರಿಸಿದಳು. ಪುಟ್ಟ ಪರದೆ, ಮೂರು ಬಣ್ಣ, ನಾಲ್ಕು ಗುಂಡಿ.

"ನಿಮ್ಮ ಮೈ ಎಷ್ಟು ಬಿಸಿಯಾಗಿದೆ, ನಾಡಿ ಎಷ್ಟು ಬಡೀತಿದೆ, ಎಲ್ಲಾ ಇದರಲ್ಲಿ ಕಾಣುತ್ತೆ. ಇಲ್ಲಿ ಹೀಗೆ ಮುಟ್ಟಿದ್ರೆ ಸಾಕು..."

"ಮೇಡಂ, ಒಂದ್ನಿಮಿಷ."

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದ. ಎತ್ತರದ ಆಳು. ಒಂದು ಹುಬ್ಬು ಅರ್ಧ ಸುಟ್ಟುಹೋಗಿತ್ತು. ಮೊಣಕೈವರೆಗೆ ದಪ್ಪ ಗ್ಲೌಸ್. ಆ ಗ್ಲೌಸಿನ ಒಂದೇ ಬೆರಳನ್ನು ಪರದೆಯ ಮೇಲಿಟ್ಟ. ಪರದೆ ಪೂರ್ತಿ ಮುಚ್ಚಿಹೋಯಿತು! ನಾಲ್ಕೂ ಗುಂಡಿ ಒಟ್ಟಿಗೆ ಒತ್ತಿಹೋಗಿ, ಪಟ್ಟಿ 'ಕೀಂ' ಎಂದು ಕಿರುಚಿಕೊಂಡಿತು.

"ಇದನ್ನ ಮುಟ್ಬೇಕಂದ್ರೆ ಗ್ಲೌಸ್ ಬಿಚ್ಬೇಕು. ಗ್ಲೌಸ್ ಬಿಚ್ಚಿದ್ರೆ ಬೆರಳು ಬೇಯುತ್ತೆ. ಬೆರಳೇ ಬೆಂದ್ಮೇಲೆ ಏನ್ ಮುಟ್ಲಿ ಮೇಡಂ?"

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ನಾನೂ ನಕ್ಕೆ. ಅಕ್ಕನ ಕಣ್ಣು ಬಿದ್ದ ಕೂಡಲೇ ಕೆಮ್ಮಿದೆ.

'ಯಾರಿವನು? ಇಷ್ಟು ಜನರ ಮುಂದೆ... ಇಷ್ಟು ತಣ್ಣಗೆ... ಮುಖದಲ್ಲಿ ನಗು ಕೂಡ ಇಲ್ಲವಲ್ಲ!' ಎಂದುಕೊಂಡಳು ಅಕ್ಕ.

"ಬೇಜಾರ್ ಮಾಡ್ಕೋಬೇಡಿ ಮೇಡಂ," ಎಂದರು ಮೇಸ್ತ್ರಿ. ತಂಡಕ್ಕೆಲ್ಲ ಹಿರಿಯರು ಅವರು. "ಇವ್ನು ಇರೋದೇ ಹಾಗೆ. ಕುಲುಮೆ ಬಾಯಿ ತೆಗೆದ್ರೂ ಮುಖ ಬದಲಾಗಲ್ಲ. ಅದಕ್ಕೇ ನಾವೆಲ್ಲ ಐಸಣ್ಣ ಅಂತೀವಿ."

ಅಕ್ಕ ಪಟ್ಟಿಯನ್ನು ಚೀಲಕ್ಕೆ ತುರುಕಿದಳು. "ಐಸ್ ಕರಗುತ್ತೆ. ಅಷ್ಟು ಗೊತ್ತಿರ್ಲಿ ನಿಮ್ಮ ಐಸಣ್ಣಂಗೆ."

ಅವನು ಬೆಂಚಿಗೆ ಮರಳುತ್ತಿದ್ದವನು ನಿಂತ. ತಿರುಗಿದ.

"ಕರಗಿಸೋರು ಬರ್ಬೇಕಲ್ಲ ಮೇಡಂ?"

ಆಹಾ! ಹಿನ್ನೆಲೆಯಲ್ಲಿ ಪಿಟೀಲು ಮಾತ್ರ ಇರಲಿಲ್ಲ.

*

"ಸೊಕ್ಕು! ಸೊಕ್ಕು ಅಂದ್ರೆ ಸೊಕ್ಕು!" ಎಂದು ಕನ್ನಡಿಗೆ ವರದಿ ಒಪ್ಪಿಸಿದಳು ಅಕ್ಕ. ಆದರೆ ಪರದೆಯನ್ನು ಕಿತ್ತೆಸೆದಳು. ಗುಂಡಿಗಳನ್ನೂ ಕಿತ್ತೆಸೆದಳು. ಮೊಬೈಲಿನ ಹಾಗೆ ಗುಂಯ್‌ಗುಡುವ ಪಟ್ಟಿ ಮಾಡಿ, ಹೊಲಿಗೆ ಮಿಷನ್ ತುಳಿಯುತ್ತಿದ್ದ ಅಮ್ಮನ ಕೈಗೆ ಕಟ್ಟಿದಳು.

"ಏನಾದ್ರೂ ಗೊತ್ತಾಗ್ತಿದ್ಯಾ ಅಮ್ಮ?"

"ಏನ್ ಗೊತ್ತಾಗ್ಬೇಕು?"

"ಅದು ನಡುಗ್ತಿದೆ ಅಮ್ಮ!"

"ಮಿಷನ್ನೇ ಗಡಗಡ ನಡುಗ್ತಿರುವಾಗ ನಿನ್ನ ಪಟ್ಟಿ ನಡುಗಿದ್ದು ಯಾರಿಗೆ ತಿಳಿಯುತ್ತೆ?" ಅಮ್ಮ ದಾರ ಕಚ್ಚಿ ತುಂಡರಿಸಿದಳು. "ನಿಮ್ಮಪ್ಪನ್ನ ಟಿವಿ ಮುಂದಿಂದ ಎಬ್ಬಿಸ್ಬೇಕಂದ್ರೆ ನಾನು ಕೂಗ್ತೀನಾ? ಕೂಗಿದ್ರೆ ಕೇಳ್ಸುತ್ತಾ ಆ ಮನುಷ್ಯಂಗೆ? ಕೈ ಹಿಡಿದು ಎಳೀತೀನಿ. ಎದ್ ಬರ್ತಾರೆ."

ಅಕ್ಕ ಅಮ್ಮನ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು.

ಹೊಸ ಪಟ್ಟಿ ಕೈಯನ್ನು ಹಿಡಿಯುತ್ತಿತ್ತು. ನಿಜವಾಗಿಯೂ! ಒಳಗೆ ಗಾಳಿ ತುಂಬಿ ಮಣಿಕಟ್ಟನ್ನು ಅಮುಕುತ್ತಿತ್ತು. ಒಂದು ಸಲ ಮೆತ್ತಗೆ ಅಮುಕಿದರೆ ನೀರು ಕುಡಿ. ಎರಡು ಸಲ ಅಮುಕಿದರೆ ಹಿಂದೆ ಸರಿ. ಗಟ್ಟಿಯಾಗಿ ಹಿಡಿದು ಬಿಡದೇ ಇದ್ದರೆ... ಎಲ್ಲಾ ಬಿಟ್ಟು ಹೊರಗೆ ಬಾ! ಆ ಹಿಡಿತ ಎಷ್ಟಿರಬೇಕು ಎಂದು ತಿಳಿಯಲು ಅಕ್ಕ ನನ್ನ ಮಣಿಕಟ್ಟನ್ನು ನೂರಾರು ಸಲ ಹಿಡಿದು ನೋಡಿದಳು. ಕಾರ್ಖಾನೆಯ ಬೆಂಚಿನ ಮೇಲೂ ಹಿಡಿದಳು. ಬದನೆಕಾಯಿ ಬಣ್ಣಕ್ಕೆ ತಿರುಗಿದ್ದು ನನ್ನ ಕೈ, ಹೆಸರು ಬಂದದ್ದು ಅವಳಿಗೆ.

"ಮುಖವೂ ಇಲ್ಲ, ಮುಳ್ಳೂ ಇಲ್ಲ. ಟೈಮೇ ತೋರಿಸದ ಗಡಿಯಾರ ಮಾಡ್ಕೊಂಡ್ ಬಂದಿದೀರಲ್ಲಮ್ಮ!" ಎಂದರು ಮೇಸ್ತ್ರಿ. ಅಂದಿನಿಂದ ಅವಳು 'ಗಡಿಯಾರಮ್ಮ'.

ಆದರೆ ಮೇಸ್ತ್ರಿ ಒಂದು ಷರತ್ತು ಹಾಕಿದರು.

"ನಮ್ ನಾಡಿ ಎಲ್ಲಾ ನಿಮ್ ಕಂಪ್ಯೂಟರಿಗೆ ಹೋಗುತ್ತಂತೆ. ನಾಳೆ 'ಇವನ ಎದೆ ಜಾಸ್ತಿ ಬಡ್ಕೊಳ್ಳುತ್ತೆ, ಇವನು ಬೇಡ' ಅಂತ ಯಾರ ಹೊಟ್ಟೆ ಮೇಲಾದ್ರೂ ಹೊಡೆದ್ರೆ?"

ಅಕ್ಕ ಎಲ್ಲರೆದುರು ಮಾತು ಕೊಟ್ಟಳು. ಪಟ್ಟಿಗೆ ಬರೀ ನಂಬರು. ಯಾವ ನಂಬರು ಯಾರದು ಎಂಬ ಚೀಟಿ ಅಂಟು ಹಾಕಿದ ಲಕೋಟೆಯೊಳಗೆ. "ಯಾರ ನಾಡಿ ಅಂತ ಯಾರೂ ನೋಡಲ್ಲ. ನಾನೂ ನೋಡಲ್ಲ."

ಹನ್ನೆರಡು ಕೈ, ನಾಲ್ಕು ವಾರ. ಕೊನೆಯವರೆಗೂ ಎಲ್ಲರೂ ತೊಟ್ಟರೆ ಕಾರ್ಖಾನೆಯ ಪ್ರತಿಯೊಬ್ಬರಿಗೂ ಪಟ್ಟಿ. ನಡುವೆ ಬಿಚ್ಚಿಟ್ಟರೆ ಪರೀಕ್ಷೆ ಮುಗಿಯಿತು. ಅಕ್ಕನಿಗೆ ಆ ಗೇಟಿನೊಳಗೆ ಮತ್ತೆ ಕಾಲಿಡುವ ಕೆಲಸವಿರುವುದಿಲ್ಲ.

ಮೊದಲು ಕೈ ಚಾಚಿದವನು ಐಸಣ್ಣ.

"ಹೋದ ಬೇಸಿಗೇಲಿ ನನ್ನ ಜೊತೆಗಾರ ಅಲ್ಲೇ ಬಿದ್ದ," ಎಂದ ಗಾಜಿನ ಆಚೆ ನೋಡುತ್ತ. "ನಾನೇ ಹೊತ್ಕೊಂಡ್ ಬಂದೆ. ಬದುಕಿದಾನೆ. ಆದ್ರೆ ಈಗ ಅವನ ಕೈಲಿ ಲೋಟ ನಿಲ್ಲಲ್ಲ. ಅವತ್ತು ಯಾರಾದ್ರೂ ಅವನ ಕೈ ಹಿಡಿದು ಎಳೆದಿದ್ರೆ... ಕಟ್ಟಿ ಮೇಡಂ."

ಅಕ್ಕ ಪಟ್ಟಿ ಕಟ್ಟಿ, ಎರಡೆರಡು ಸಲ ಬಿಗಿ ನೋಡಿದಳು. 'ಸೊಕ್ಕಲ್ಲ ಇದು... ನಾನೇ ತಪ್ಪು ತಿಳಿದೆ...'

ಐದನೇ ದಿನ ಕುಲುಮೆಯ ಮುಂದೆ ಅವನ ಪಟ್ಟಿ ಗಟ್ಟಿಯಾಗಿ ಹಿಡಿಯಿತು. ಅವನು ಹೊರಗೆ ಬಂದ, ನೀರು ಕುಡಿದ, ಅಕ್ಕನ ಎದುರು ಕೂತ.

"ಯಾರೋ ಕೈ ಹಿಡಿದು ಎಳೆದ ಹಾಗಾಯ್ತು ಮೇಡಂ. ತಿರುಗಿ ನೋಡ್ದೆ. ಯಾರೂ ಇರ್ಲಿಲ್ಲ."

ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ನಾನು ಕದ್ದು ನೋಡಿದೆ. ಬರೀ ಗೀಟುಗಳಿದ್ದವು. ಒಂದಕ್ಷರವೂ ಇರಲಿಲ್ಲ!

ಮುಗಿಯಿತು. ಅಕ್ಕ ಹೋದಳು. ಕೈಗೆ ಸಿಗಲಿಲ್ಲ.

*

ಎಲ್ಲಾ ಚೆನ್ನಾಗಿಯೇ ಇತ್ತು. ನರ್ಸ್ ಇಲ್ಲದಿದ್ದರೆ!

ಪ್ರತಿದಿನ ಹನ್ನೊಂದು ಗಂಟೆಗೆ ಕಾರ್ಖಾನೆಯ ನರ್ಸ್ ತಂಪು ಕೋಣೆಗೆ ಬಂದು ಒಬ್ಬೊಬ್ಬರನ್ನೂ ತೂಕದ ಮಿಷನ್ ಮೇಲೆ ನಿಲ್ಲಿಸುತ್ತಿದ್ದಳು. ಬೆವರಿ ಎಷ್ಟು ತೂಕ ಇಳಿದಿದೆಯೋ ಅಷ್ಟು ನೀರು ಕುಡಿಸಬೇಕು. ಹನ್ನೊಂದೂ ಕಾಲಿಗೆ ಅವಳು ಹೊರಟರೆ, ಹನ್ನೊಂದೂ ಇಪ್ಪತ್ತಕ್ಕೆ ಅಕ್ಕ ನೋಟ್‌ಬುಕ್ ಹಿಡಿದು ಬರುತ್ತಿದ್ದಳು. ಹೊರಗಿನ ದಾರಿಯಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಕೆಲವು ದಿನ ಅಕ್ಕ ಮೊದಲೇ ಬಂದು ಹೊರಗಿನ ಕಿಟಕಿಯಿಂದ ಇಣುಕುತ್ತಿದ್ದಳು.

ನರ್ಸ್ ನಕ್ಕರೆ ಉಕ್ಕಿನ ಬಾಗಿಲೂ ತಾನಾಗೇ ತೆರೆದುಕೊಳ್ಳಬೇಕು, ಅಂಥ ನಗು. ಊರೆಲ್ಲ ಅವಳನ್ನು 'ಸಿಸ್ಟರ್' ಎನ್ನುತ್ತಿತ್ತು. ನನ್ನ ಸಿಸ್ಟರ್ ಒಬ್ಬಳು ಮಾತ್ರ ಅವಳನ್ನು 'ಅದು' ಎನ್ನುತ್ತಿದ್ದಳು.

"ಅದು ಯಾಕೆ ಅಷ್ಟು ನಗುತ್ತೆ? ತೂಕ ನೋಡೋಕೆ ನಗು ಯಾಕ್ ಬೇಕು?"

"ನಕ್ರೆ ತೂಕ ಕಮ್ಮಿ ತೋರ್ಸುತ್ತೇನೋ ಮೇಡಂ."

"ಬಾಯ್ ಮುಚ್ಚು."

ಇನ್ನೊಂದು ದಿನ ಸ್ಕೂಟರಿನ ಹಿಂದೆ ಕೂತು, ಹೆಲ್ಮೆಟ್ಟಿನೊಳಗಿಂದಲೇ ಶುರುವಾದಳು.

"ಎಲ್ಲರಿಗೂ ಒಂದ್ ಲೋಟ ನೀರು. ಅವರಿಗೆ ಮಾತ್ರ ಎರಡು. ನೋಡ್ದೆ ನಾನು."

"ಅವರು ಎತ್ತರ ಇದಾರಲ್ಲಕ್ಕ. ಟ್ಯಾಂಕ್ ದೊಡ್ಡದು."

"ಮಿಷನ್ ಮೇಲೆ ನಿಲ್ಲೋಕೆ ಭುಜ ಹಿಡ್ಕೋಬೇಕಾ? ಬಿದ್ಹೋಗ್ತಾರಾ? ಏಳು ಅಡಿ ಮೇಲಿಂದ ಲೋಹ ಸುರಿದ್ರೂ ಅಲ್ಲಾಡಲ್ಲ, ಒಂದ್ ಗೇಣು ಮಿಷನ್ ಮೇಲಿಂದ ಬಿದ್ಹೋಗ್ತಾರಾ?"

ಸ್ಕೂಟರ್ ಬಿಸಿಯಾಗಿದ್ದು ಎಂಜಿನ್ನಿಂದಲ್ಲ ಎಂದು ನನ್ನ ಬೆನ್ನಿಗೆ ಗೊತ್ತಾಯಿತು.

ಅವಳೂ ಬಲ್ಲಳು, ಇದು ಸರಿಯಲ್ಲ ಎಂದು. ಕನ್ನಡಿಯ ಮುಂದೆ ತನಗೆ ತಾನೇ ಬುದ್ಧಿ ಹೇಳಿಕೊಂಡಳು. 'ಅವರು ನಿನಗೇನಾಗಬೇಕು? ಏನೂ ಇಲ್ಲ. ಹಾಗಾದ್ರೆ? ...ಆದ್ರೂ ಭುಜ ಯಾಕೆ?'

ಎರಡನೇ ವಾರ ಕಂಪ್ಯೂಟರಿನಲ್ಲಿ ನಾಡಿಯ ಗೆರೆಗಳನ್ನು ನೋಡುತ್ತಿದ್ದಾಗ ಅವಳ ಕೈ ನಿಂತಿತು. ಹನ್ನೊಂದು ಗೆರೆಗಳು ಕುಲುಮೆ ಬಾಯಿ ತೆಗೆದಾಗ ಏರಿ, ವಿಶ್ರಾಂತಿಯಲ್ಲಿ ಇಳಿಯುತ್ತಿದ್ದವು. ಏಳನೇ ನಂಬರು ಮಾತ್ರ ಉಲ್ಟಾ! ಬೆಂಕಿಯ ಮುಂದೆ ತೊಂಬತ್ತು ದಾಟದ ನಾಡಿ, ತಂಪು ಕೋಣೆಯಲ್ಲಿ ಸುಮ್ಮನೆ ಕೂತಾಗ, ಸರಿಯಾಗಿ ಹನ್ನೊಂದು ಗಂಟೆಗೆ ನೂರ ಹದಿನೆಂಟಕ್ಕೆ ಹಾರುತ್ತಿತ್ತು. ಪ್ರತಿದಿನ!

ಬೆಂಕಿಗೆ ಬೆಚ್ಚದವನು ಯಾರು? ಹನ್ನೊಂದಕ್ಕೆ ಬರುವವಳು ಯಾರು?

ನರ್ಸಿನ ತೂಕದ ಪುಸ್ತಕ ನೋಡಿದಳು. ದಿನವೂ ಮೊದಲ ಸಾಲಿನಲ್ಲಿ ಅವನೇ. ಹನ್ನೊಂದು ಗಂಟೆ, ಐಸಣ್ಣ.

ಆಮೇಲೆ ಮಾಡಬಾರದ್ದನ್ನು ಮಾಡಿದಳು. ಲಕೋಟೆ ಒಡೆದಳು.

ಏಳು: ಐಸಣ್ಣ.

'ಅಂದರೆ... ಅವಳನ್ನು ಕಂಡರೆ ಈ ಎದೆ ಹೀಗೆ ಹೊಡೆದುಕೊಳ್ಳುತ್ತೆ. ನಾನು ಬರುವ ಹೊತ್ತಿಗೆ ಎಲ್ಲಾ ಇಳಿದು ತಣ್ಣಗಾಗಿರುತ್ತೆ. ನಾನು ನೋಡಿದ್ದು ಬರೀ ಉಳಿದ ಐಸ್...'

ಅವಳು ಅಳಲಿಲ್ಲ. ಲಕೋಟೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಒತ್ತಿ ಅಂಟಿಸಲು ನೋಡಿದಳು. ಅದು ಅಂಟಲಿಲ್ಲ.

*

ಹದಿನೇಳನೇ ದಿನ.

ಅಕ್ಕ ತಂಪು ಕೋಣೆಗೆ ಕಾಲಿಟ್ಟಾಗ ನರ್ಸ್ ಇನ್ನೂ ಹೋಗಿರಲಿಲ್ಲ. ಐಸಣ್ಣನ ಕುತ್ತಿಗೆಗೆ ಕಿಡಿ ಹಾರಿತ್ತು. ಅವಳು ಬಗ್ಗಿ ಮುಲಾಮು ಹಚ್ಚುತ್ತ ಏನೋ ಹೇಳಿ ನಕ್ಕಳು. ಅವನೂ ನಕ್ಕ. ಆ ಐಸ್‌ಗಡ್ಡೆ! ಹಲ್ಲು ಬಿಟ್ಟು ನಕ್ಕ!

"ಏನ್ ನಗು, ಏನ್ ನಗು!" ಎಂದಳು ಅಕ್ಕ. ದನಿ ಅವಳದೇ ಎಂದು ನನಗೆ ನಂಬಲಾಗಲಿಲ್ಲ. "ಕುಲುಮೆಗೂ ಕರಗಲ್ಲ ಅಂತಿದ್ರಿ. ಈಗ ಗೊತ್ತಾಯ್ತು ಯಾರಿಗ್ ಕರಗ್ತೀರಿ ಅಂತ."

"ಏನಾಯ್ತು ಮೇಡಂ?"

"ಏನಾಯ್ತಾ? ದಿನಾ ಹನ್ನೊಂದ್ ಗಂಟೆಗೆ ನಿಮ್ಮ ನಾಡಿ ನೂರ ಹದಿನೆಂಟಕ್ಕೆ ಹಾರುತ್ತಲ್ಲ, ಅದಾಯ್ತು! ಇವರು ಬರೋದೂ ಹನ್ನೊಂದಕ್ಕೇ. ನನಗೇನ್ ಕಣ್ಣಿಲ್ವಾ?"

ನರ್ಸ್ ಮುಲಾಮಿನ ಡಬ್ಬಿ ಮುಚ್ಚಿದಳು.

ಮೇಸ್ತ್ರಿ ನಿಧಾನವಾಗಿ ಎದ್ದರು. "ಅದು ಐಸಣ್ಣನ ನಾಡಿ ಅಂತ ನಿಮಗೆ ಹೇಗ್ ಗೊತ್ತಾಯ್ತಮ್ಮ?"

ಅಕ್ಕ ಚೀಲವನ್ನು ಎದೆಗೆ ಅವುಚಿಕೊಂಡಳು.

"ಲಕೋಟೆ ಒಡೆದ್ರಾ?"

ಅಕ್ಕ ತಲೆ ತಗ್ಗಿಸಿದಳು. ಮೇಸ್ತ್ರಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಅವರ ಹಿಂದೆ ಇನ್ನೊಬ್ಬ. ಮತ್ತೊಬ್ಬ. ಟಕ್... ಟಕ್... ಟಕ್... ಹನ್ನೊಂದು ಸಲ.

"ನಾನು ಅವರ ಜೊತೆ ನಕ್ಕಿದ್ದು ತಪ್ಪಾ ಮೇಡಂ?" ಐಸಣ್ಣ ಕೇಳಿದ, ತಣ್ಣಗೆ. "ಹನ್ನೊಂದ್ ಗಂಟೆಗೆ ನಾನು ತೂಕದ ಮಿಷನ್ ಮೇಲೆ ನಿಂತು ಆಕಳಿಸ್ತಿರ್ತೀನಿ."

"ಯಂತ್ರ ಸುಳ್ಳು ಹೇಳಲ್ಲ."

"ಸರಿ. ಹಾಗಾದ್ರೆ ಯಂತ್ರವನ್ನೇ ನಂಬಿ." ಅವನು ಹನ್ನೆರಡನೆಯ ಪಟ್ಟಿ ಬಿಚ್ಚಿದ. "ಬಿಸಿ ಅಳೆಯೋಕೆ ಕೊಟ್ಟ ಕೈ ಇದು ಮೇಡಂ. ಮನಸ್ಸು ಅಳೆಯೋಕೆ ಅಲ್ಲ."

ನಾನು ಹನ್ನೆರಡೂ ಪಟ್ಟಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡೆ.

*

ಮನೆಗೆ ಬಂದ ಅಕ್ಕ ಊಟ ಮಾಡಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ತಲೆ ಸವರಿದಳು.

"ಒಂದ್ ವಾರದಿಂದ ನೋಡ್ತಿದೀನಿ. ನಿಂಗ್ಯಾಕೆ ಬೇಕಿತ್ತು ಅವನ ನಾಡಿ?"

"ಗೊತ್ತಿಲ್ಲ ಅಮ್ಮ. ಅವಳನ್ನ ಕಂಡ್ರೆ ಆಗ್ತಿರ್ಲಿಲ್ಲ. ಕಣ್ಣು ಮುಚ್ಚಿದ್ರೂ ಅದೇ ನಗು."

"ಹೊಟ್ಟೆಕಿಚ್ಚು ಪಕ್ಕದ ಮನೆ ಸುಡಲ್ಲ ಕಣೇ. ತನ್ನ ಮನೇನೇ ಮೊದಲು."

"ಎಲ್ಲಾ ಹೋಯ್ತಮ್ಮ. ನಂಬಿ ಕೈ ಕೊಟ್ಟಿದ್ರು. ನಾಳೆ ಅವರಲ್ಲಿ ಯಾರಾದ್ರೂ ಬಿದ್ರೆ... ಅವರೇ ಬಿದ್ರೆ... ಎಳೆಯೋಕೆ ಏನೂ ಇರಲ್ಲ. ನನ್ನಿಂದ."

ಮುಂದಿನ ಎರಡು ದಿನ ಅವಳು ಕಾರ್ಖಾನೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎಂಟ್ರಿ ಕೊಟ್ಟವನು ಯಾರು? ನಾನೇ!

ಟೇಬಲ್ ಗುದ್ದಿದೆ. "ಅಕ್ಕಾ! ಅವರ ಗುಟ್ಟನ್ನ ಕೇಳದೆ ನೋಡ್ದೆ. ಈಗ ನಿನ್ನ ಗುಟ್ಟನ್ನ ಅವರೇ ನೋಡ್ಲಿ. ಎಲ್ಲರ ಮುಂದೆ! ಗೋಡೆ ಮೇಲೆ! ದೊಡ್ಡದಾಗಿ!"

ಅಕ್ಕ ತಲೆ ಎತ್ತಿದಳು. ಅವಳ ಕಣ್ಣಲ್ಲಿ ದೀಪ ಹತ್ತಿತು.

ಹೇಗಿದೆ ಐಡಿಯಾ?

*

ತಂಪು ಕೋಣೆಯ ಗೋಡೆಗೆ ದೊಡ್ಡ ಟಿವಿ. ಅದರಲ್ಲಿ ಒಂದೇ ಗೆರೆ, ಒಂದೇ ನಂಬರು. ಮೇಲೆ ಹೆಸರು: ಗಡಿಯಾರಮ್ಮ.

ಅಕ್ಕ ತನ್ನ ಕೈಗೆ ಹದಿಮೂರನೆಯ ಪಟ್ಟಿಯೊಂದನ್ನು ಕಟ್ಟಿಕೊಂಡು ಹನ್ನೊಂದು ಜನರ ಮುಂದೆ ನಿಂತಳು. ಹನ್ನೆರಡನೆಯವನು ಕುಲುಮೆಯ ಬಳಿ ಇದ್ದ. ನರ್ಸ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು.

"ಮಾತು ಕೊಟ್ಟು ಮುರಿದೆ," ಎಂದಳು ಅಕ್ಕ. "ಕೆಲಸಕ್ಕೋಸ್ಕರ ಅಲ್ಲ. ನನ್ನ ಹೊಟ್ಟೆಕಿಚ್ಚಿಗೆ. ತಪ್ಪಾಯ್ತು. ಇನ್ಮೇಲೆ ಲಕೋಟೆ ಮೇಸ್ತ್ರಿಗಳ ಹತ್ರಾನೇ ಇರುತ್ತೆ. ಇವತ್ತು ಪಾಳಿ ಮುಗಿಯೋ ತನಕ ನನ್ನ ನಾಡಿ ಈ ಗೋಡೆ ಮೇಲೆ. ಏನ್ ಬೇಕಾದ್ರೂ ಕೇಳಿ. ಮುಚ್ಚಿಡೋಕೆ ನನಗೂ ದಾರಿಯಿಲ್ಲ."

ಎಂಬತ್ತೆಂಟು... ತೊಂಬತ್ತು...

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು.

"ದೊಡ್ಡ ಸಾಹೇಬ್ರನ್ನ ಕಂಡ್ರೆ ಭಯಾನಾ?"

"ಇಲ್ಲ."

ತೊಂಬತ್ತೊಂಬತ್ತು!

"ಸುಳ್ಳು! ಸುಳ್ಳು!" ಹಿಂದಿನ ಬೆಂಚು ಕೂಗಿತು. ಯಾರೋ ಕಿಸಕ್ಕೆಂದರು.

"ನಮ್ ಸಿಸ್ಟರನ್ನ ಕಂಡ್ರೆ?"

ಅಕ್ಕ ನರ್ಸಿನತ್ತ ನೋಡಿದಳು. ನೂರ ಹತ್ತು. "ಬೆಂಕಿ ಹತ್ಕೊಳ್ತಿತ್ತು. ಈಗ ನಾಚಿಕೆ ಆಗ್ತಿದೆ."

"ಅಯ್ಯೋ ಬಿಡಿ," ಎಂದಳು ನರ್ಸ್, "ನಂಗೆ ಇವರೆಲ್ಲರ ತೂಕ ಗೊತ್ತು, ಅಷ್ಟೇ. ಒಬ್ಬರ ಮನಸ್ಸೂ ಬೇಡ ನಂಗೆ. ಬರೀ ಬೆವರು ವಾಸನೆ!"

ಕೋಣೆ ಸಡಿಲವಾಯಿತು. ಆಗ ಒಬ್ಬ ಕಿಲಾಡಿ ಬಾಗಿಲ ಕಡೆ ನೋಡಿ ಕೂಗಿದ. "ಓ, ಐಸಣ್ಣ ಬಂದ!"

ಬಾಗಿಲಲ್ಲಿ ಯಾರೂ ಇರಲಿಲ್ಲ.

ಗೋಡೆಯ ಮೇಲೆ ನೂರ ಇಪ್ಪತ್ತೊಂದು!

ಸಿಳ್ಳೆ, ಚಪ್ಪಾಳೆ, ಬೆಂಚು ಬಡಿತ! ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಖ ಮುಚ್ಚಿದರೇನು, ನಾಡಿ ಗೋಡೆಯ ಮೇಲಿತ್ತಲ್ಲ! ಆ ಗಲಾಟೆಯಲ್ಲಿ ನಿಜವಾದ ಬಾಗಿಲು ತೆರೆದದ್ದು ಯಾರಿಗೂ ತಿಳಿಯಲಿಲ್ಲ. ನಗು ಒಮ್ಮೆಲೇ ನಿಂತಾಗ ಅಕ್ಕ ಬೆರಳ ಸಂದಿಯಿಂದ ನೋಡಿದಳು.

ಮಸಿ ಮೆತ್ತಿದ ಮುಖ. ಅರ್ಧ ಹುಬ್ಬು.

ನೂರ ಮೂವತ್ತೆರಡು.

ಐಸಣ್ಣ ಗೋಡೆ ನೋಡಿದ. ಹೆಸರು ಓದಿದ. ನಂಬರು ಓದಿದ. ಗ್ಲೌಸ್ ಬಿಚ್ಚಿ, ಮೇಜಿನ ಮೇಲಿದ್ದ ಹನ್ನೆರಡು ಪಟ್ಟಿಗಳಲ್ಲಿ ಏಳನೆಯದನ್ನು ಹುಡುಕಿ ಕಟ್ಟಿಕೊಂಡ.

"ಇದನ್ನೂ ಗೋಡೆ ಮೇಲೆ ಹಾಕಪ್ಪ," ಎಂದ ನನಗೆ.

"ಬೇಡ!" ಎಂದಳು ಅಕ್ಕ. "ನೀವು ತೋರಿಸ್ಬೇಕಾಗಿಲ್ಲ."

"ಕದ್ದು ನೋಡಿದ್ರೆ ಬೇಜಾರು ಮೇಡಂ. ಇದನ್ನ ನಾನೇ ತೋರಿಸ್ತಿದೀನಿ."

ಎರಡನೆಯ ಗೆರೆ ಮೂಡಿತು. ಎಪ್ಪತ್ತೊಂಬತ್ತು. ಅವನು ಅಕ್ಕನ ಕಡೆ ಒಂದು ಹೆಜ್ಜೆ ಇಟ್ಟ. ಮೇಸ್ತ್ರಿ ಹರಾಜು ಕೂಗುವವರ ಹಾಗೆ ಓದತೊಡಗಿದರು.

"ಎಂಬತ್ತೇಳು!"

ಇನ್ನೊಂದು ಹೆಜ್ಜೆ.

"ತೊಂಬತ್ತೆಂಟು!"

ಮತ್ತೊಂದು. ಈಗ ಇಬ್ಬರ ನಡುವೆ ಒಂದು ಮೊಳ.

"ನೂರ ಹದಿನೆಂಟು!" ಮೇಸ್ತ್ರಿಯ ದನಿ ಒಡೆಯಿತು. "ಲೋ! ಕುಲುಮೆ ಮುಂದೆ ತೊಂಬತ್ತು ದಾಟದವನು ಕಣ್ರೋ ಇವ್ನು!"

ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು. ಅದೇ ನಂಬರು. ಅವಳು ಎಷ್ಟೋ ದಿನ ಕುದಿದ ಅದೇ ನಂಬರು.

ಮೇಸ್ತ್ರಿ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ತಮ್ಮ ಪಟ್ಟಿ ಎತ್ತಿ ಕಟ್ಟಿಕೊಂಡರು. "ಏನ್ ನೋಡ್ತೀರ್ರೋ? ಕಟ್ಕೊಳಿ. ಕುಲುಮೆ ಕಾಯ್ತಿದೆ."

*

ಪಾಳಿ ಮುಗಿದ ಮೇಲೆ ಇಬ್ಬರೂ ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಕೂತರು. ಇನ್ನೂ ಬಿಸಿಲಿತ್ತು. ಇಬ್ಬರ ಮಣಿಕಟ್ಟೂ ಬರಿದಾಗಿತ್ತು.

"ಹಾಗಾದ್ರೆ ಹನ್ನೊಂದು ಗಂಟೆ?" ಅಕ್ಕ ಕೇಳಿದಳು.

"ನಿಮ್ಮ ಹನ್ನೊಂದರ ಲೆಕ್ಕ ನಂಗೆ ಗೊತ್ತಿಲ್ಲ. ನನ್ನ ಎದೆ ಹಾರೋದು ನೀವು ಬಂದಾಗ. ನೀವು ಬರೋದು ಹನ್ನೊಂದೂ ಇಪ್ಪತ್ತಕ್ಕೆ."

ಅಕ್ಕ ಅವನ ಮುಖ ನೋಡಿದಳು. ಯಂತ್ರಕ್ಕಿಂತ ಆ ಮುಖವನ್ನು ನಂಬುವುದು ಎಷ್ಟು ಸುಲಭವಾಗಿತ್ತು! ಅಂದೇ ಯಾಕೆ ನಂಬಲಿಲ್ಲ?

"ಯಾಕೆ ಹೇಳ್ಲಿಲ್ಲ ನೀವು?"

"ಹೇಗ್ ಹೇಳ್ಲಿ? ನಿಮಗೆ ಆಗ್ಲೇ ಒಬ್ರು ಇದಾರಲ್ಲ."

"ನಂಗಾ? ಯಾರು?"

"ದಿನಾ ಸ್ಕೂಟರಲ್ಲಿ ಕರ್ಕೊಂಡ್ ಬರ್ತಾನಲ್ಲ, ಆ ಕಂಪ್ಯೂಟರ್ ಹುಡುಗ. ಬೆಂಚ್ ಮೇಲೆ ಕೂತು ಗಂಟೆಗಟ್ಲೆ ಅವನ ಕೈ ಹಿಡ್ಕೊಂಡಿರ್ತಿದ್ರಿ. ನೋಡ್ದಾಗೆಲ್ಲ ಇಲ್ಲಿ..." ಅವನು ಎದೆ ಮುಟ್ಟಿಕೊಂಡ. "ಕುಲುಮೆಯೇ ವಾಸಿ ಅನ್ನಿಸ್ತಿತ್ತು."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

"ಆ ಕೋತಿ ನನ್ನ ತಮ್ಮ!"

"ಒಡಹುಟ್ಟಿದ..."

"ಒಡಹುಟ್ಟಿದ ತಮ್ಮ! ನಿಮಗೂ ಹೊಟ್ಟೆಕಿಚ್ಚಾ?"

"ನಂದು ಗೋಡೆ ಮೇಲೆ ಬರ್ಲಿಲ್ಲ ಅಷ್ಟೇ." ಅವನು ನಕ್ಕ. ಈ ಸಲ ಅವಳಿಗಾಗಿ. "ಇನ್ಮೇಲೆ ಕದ್ದು ನೋಡ್ಬೇಡಿ."

"ನೋಡಲ್ಲ."

"ಕೇಳಿ. ಕೇಳಿದ್ರೆ ಹೇಳ್ತೀನಿ."

ಅಕ್ಕ ಅವನ ಭುಜಕ್ಕೆ ತಲೆ ಆನಿಸಿದಳು. "ಈಗ ಎಷ್ಟಿದೆ?"

"ಗೊತ್ತಿಲ್ಲ ಕಣೇ... ಲೆಕ್ಕ ತಪ್ಪೋಯ್ತು."

*

ಇಲ್ಲಿಗೆ ಮುಗಿಸಿ ಚಪ್ಪಾಳೆ ತೆಗೆದುಕೊಂಡು ಹೋಗಬಹುದಿತ್ತು. ಆದರೆ ನೀವು ಇಷ್ಟು ಹೊತ್ತು ಕೂತು ಓದಿದ್ದೀರಿ. ಸುಳ್ಳು ಹೇಳಿ ಕಳಿಸಲು ಮನಸ್ಸು ಬರುತ್ತಿಲ್ಲ.

ಆ ಐಡಿಯಾ ನನ್ನದಲ್ಲ. ನಾನು ಯಾವ ಟೇಬಲ್ಲನ್ನೂ ಗುದ್ದಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನರ್ಸ್ ಫೋನ್ ಮಾಡಿದ್ದಳು. "ಅವರ ನಾಡಿ ನೋಡಿದ್ರಲ್ಲ, ನಿಮ್ಮದನ್ನ ತೋರಿಸಿ" ಎಂದದ್ದು ಅವಳು. ಯಾ‌ರನ್ನು ಕಂಡರೆ ಅಕ್ಕನ ಮೈ ಉರಿಯುತ್ತಿತ್ತೋ, ಅವಳೇ. ನಾನು ಟಿವಿಗೆ ವೈರ್ ಚುಚ್ಚಿದೆ. ಕ್ಲೈಮ್ಯಾಕ್ಸಿನಲ್ಲಿ ನನ್ನ ಪಾತ್ರ ಅಷ್ಟೇ.

ಆ ಇಪ್ಪತ್ತು ನಿಮಿಷ ಮಾತ್ರ ನನ್ನದು.

ಆಫೀಸಿಗೆ ದಿನಾ ತಡವಾಗಿ ಹೋಗುತ್ತಿದ್ದೆ. ಅಕ್ಕ ಬೈಯುತ್ತಿದ್ದಳು. ಅದಕ್ಕೆ ನನ್ನ ಕಂಪ್ಯೂಟರಿನ ಗಡಿಯಾರವನ್ನು ಇಪ್ಪತ್ತು ನಿಮಿಷ ಹಿಂದಕ್ಕಿಟ್ಟಿದ್ದೆ. "ನೋಡಿ ಮೇಡಂ, ಇನ್ನೂ ಒಂಬತ್ತು ಗಂಟೆ!" ತಮಾಷೆಗೆ. ಸಂಜೆ ಚಾರ್ಜಿಗೆ ಹಾಕುವಾಗ ಹನ್ನೆರಡೂ ಪಟ್ಟಿಗಳು ಟೈಮ್ ತೆಗೆದುಕೊಳ್ಳುತ್ತಿದ್ದದ್ದು ಅದೇ ಕಂಪ್ಯೂಟರಿನಿಂದ. ಅದು ನನಗೆ ಹೊಳೆಯಲೇ ಇಲ್ಲ. ಪಟ್ಟಿ ಹನ್ನೊಂದು ಎಂದು ಬರೆದುಕೊಂಡದ್ದು ನಿಜಕ್ಕೂ ಹನ್ನೊಂದೂ ಇಪ್ಪತ್ತು, ಅಕ್ಕ ಬರುವ ಹೊತ್ತು!

ಇನ್ನೊಂದಿದೆ. ಮೊದಲ ವಾರವೇ ಐಸಣ್ಣ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದ. "ನೀನೂ ಮೇಡಮ್ಮೂ...?" ಅಂತ. ನಾನು ಕಣ್ಣು ಹೊಡೆದು ಬಂದಿದ್ದೆ. ಅದೂ ತಮಾಷೆಗೆ.

ಪಟ್ಟಿಗಳೆಲ್ಲ ಬಿಚ್ಚಿಹೋದ ಸಂಜೆ, ಅವನ್ನು ಕಂಪ್ಯೂಟರಿಗೆ ಚುಚ್ಚುವಾಗ ಗೋಡೆಯ ಗಡಿಯಾರ ನೋಡಿದೆ. ಪರದೆಯ ಮೂಲೆ ನೋಡಿದೆ. ಎಲ್ಲಾ ತಿಳಿಯಿತು. ಮನೆಗೆ ಬಂದೆ. ಅಕ್ಕ ಅಮ್ಮನ ಮಡಿಲಲ್ಲಿ ತಲೆ ಇಟ್ಟು ಅಳುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಾನು ಹೇಳಲಿಲ್ಲ. ಎರಡು ದಿನ ಹೇಳಲಿಲ್ಲ. ಭಯವಾಗಿತ್ತು. ಪಕ್ಕದ ಕೋಣೆಯಲ್ಲಿ ಕೂತು, ಅವಳು ಅಳುವುದನ್ನು ಕೇಳುತ್ತಿದ್ದೆ.